ಚೀನಾದ ಗಂಟೆ, ನಮ್ಮನೆ ಜಾಗಟೆ

ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಫ್ಲಾಟಿನಲ್ಲಿ ದೇವರ ಗೂಡಿನ ಪಕ್ಕಕ್ಕೆ ಒಂದು ಜಾಗಟೆ ತೂಗುಹಾಕಿದೆ. ಊಟದ ತಾಟಿಗಿಂತ ಸ್ವಲ್ಪವೇ ಸಣ್ಣದು, ದಪ್ಪ ಕಂಚಿನದು. ಮಗ್ಗುಲಲ್ಲಿ ದಾರಕ್ಕೆ ಕಟ್ಟಿದ ಕಟ್ಟಿಗೆಯ ಸುತ್ತಿಗೆ. ಮಠದಲ್ಲೋ ಗುಡಿಯಲ್ಲೋ ಇರಬೇಕಾದ ವಸ್ತು ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಎದುರು ಮನೆಯ ತೆಲುಗು ಹೆಂಗಸಂತೂ ಅದು ಮೊದಲ ಸಲ ಮೊಳಗಿದ ದಿನವೇ ಬಾಗಿಲು ತೆರೆದು, "ಏಮಕ್ಕಾ, ಇಂಟ್ಲೋನೇ ಗುಡಿ ಪೆಟ್ಟಾರಾ?" ಎಂದು ಕೇಳಿದ್ದಳು, ಮನೆಯಲ್ಲೇ ಗುಡಿ ಇಟ್ಟಿರಾ ಅಂತ. ನಾನು ಸುಮ್ಮನೆ ನಕ್ಕೆ. ಉತ್ತರ ಹೇಳಬೇಕೆಂದರೆ ಆಕೆಯನ್ನು ಚೀನಾದವರೆಗೆ ಕರೆದುಕೊಂಡು ಹೋಗಿ ಬರಬೇಕಿತ್ತು, ಅವಳ ಕುಕ್ಕರು ಆಗಲೇ ಎರಡು ಸೀಟಿ ಹೊಡೆದಿತ್ತು. ನಿಮ್ಮ ಕುಕ್ಕರು ಸದ್ಯ ಸುಮ್ಮನಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಗಂಟೆಯ ಹುಚ್ಚು ನನಗೆ ಹುಟ್ಟಿದಾಗಿನಿಂದ. ವಿಜಯಪುರದ ಕಡೆಯ ನಮ್ಮೂರಲ್ಲಿ ಹನುಮಪ್ಪನ ಗುಡಿಯ ಗಂಟೆ ಎತ್ತರದಲ್ಲಿತ್ತು. ಅಪ್ಪ ನನ್ನನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದ. ಒಮ್ಮೆ ಗಂಟೆಯ ನಾಲಿಗೆ ಕೈಗೆ ಸಿಕ್ಕಿತೆಂದರೆ ನಾನು ಬಿಡುತ್ತಿರಲಿಲ್ಲ. ಹಿಂದೆ ನಿಂತವರು, "ಸಾಕ ಬಿಡವ್ವಾ, ಹನುಮಪ್ಪ ಎದ್ದಾನ, ಇನ್ನ ನಮ್ಮನ್ನೂ ಒಂದೀಟು ನೋಡ್ಲಿ" ಅನ್ನುತ್ತಿದ್ದರು. ಶಾಲೆಯಲ್ಲಿ ಇದ್ದದ್ದು ನಿಜವಾದ ಗಂಟೆಯಲ್ಲ, ಬೇವಿನ ಮರಕ್ಕೆ ಕಟ್ಟಿದ ರೈಲಿನ ಹಳಿಯ ತುಂಡು. ಅದನ್ನು ಕಬ್ಬಿಣದ ಸಲಾಕೆಯಿಂದ ಬಡಿದರೆ ಊರಾಚೆಯ ಹೊಲದವರೆಗೆ ಕೇಳುತ್ತಿತ್ತು. ಹೀಗಾಗಿ ಹಳಿ ಎಂದರೆ ಗಂಟೆ ಮಾಡುವ ಸಾಮಾನು ಎಂದೇ ನಾನು ತಿಳಿದಿದ್ದೆ. ಮೊದಲ ಬಾರಿ ಸ್ಟೇಶನ್ನಿಗೆ ಹೋದಾಗ, "ಅಪ್ಪಾ, ಇಷ್ಟೊಂದು ಗಂಟಿ ಯಾಕ ನೆಲದ ಮ್ಯಾಲ ಮಲಗಿಸ್ಯಾರ?" ಎಂದು ಕೇಳಿ ಇಡೀ ಪ್ಲಾಟ್‌ಫಾರ್ಮನ್ನೇ ನಗಿಸಿದವಳು ನಾನು. ಈಗಲೂ ತವರಿಗೆ ಹೋದರೆ ಯಾರಾದರೊಬ್ಬರು ಅದನ್ನು ನೆನಪು ಮಾಡಿಕೊಡುತ್ತಾರೆ.

ಮದುವೆಯಾಗಿ ಹೈದರಾಬಾದಿಗೆ ಬರುವಾಗ ಅವ್ವ ನನ್ನ ಟ್ರಂಕಿನಲ್ಲಿ ಒಂದು ಹಿತ್ತಾಳೆಯ ಕೈಗಂಟೆ ಇಟ್ಟಳು. ಹಿಡಿಯ ತುದಿಗೆ ಹೆಬ್ಬೆರಳಿನಷ್ಟು ಬಸವಣ್ಣ. ಅದರ ದನಿ ಬಹಳ ಸಣ್ಣದು, ಕಿಣಿಕಿಣಿ ಅಷ್ಟೇ. ಗಂಟೆಯ ಜೊತೆಗೆ ಒಂದು ಕಾಯ್ದೆಯನ್ನೂ ಕೊಟ್ಟಳು. "ಆರತಿ ಹೊತ್ತಿನ್ಯಾಗ ಯಾರನ್ನೂ ಹೆಸರು ಹಿಡದು ಕೂಗಬ್ಯಾಡ. ಗಂಟಿ ಬಾರಸು, ಬರೋರು ಬರ್ತಾರ. ಕೂಗಿದ್ರ ನೀ ಕರದಂಗ ಆಕ್ಕೈತಿ, ಗಂಟಿ ಬಾರಸಿದ್ರ ದೇವರು ಕರದಂಗ." ನಮ್ಮ ತವರಿನಲ್ಲಿ ಎಲ್ಲರೂ ಹೀಗೆಯೇ ನಡೆದುಕೊಳ್ಳುತ್ತಿದ್ದರು. ಗಂಟೆ ಬಾರಿಸುವವರೆಗೆ ದೇವರ ಕೋಣೆಗೆ ಯಾರೂ ಹಣಿಕಿ ಹಾಕುವಂತಿಲ್ಲ, ಬಾರಿಸಿದ ಮೇಲೆ ಯಾರೂ ಹೊರಗುಳಿಯುವಂತಿಲ್ಲ. ಹೊಸದಾಗಿ ಮನೆ ಹೂಡಿದಾಗ ನಾನು ಈ ಕಾಯ್ದೆಯನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಸರ್ಕಾರಿ ಹುಕುಮಿಗೆ ತಲೆದೂಗುವವರ ಹಾಗೆ ತಲೆದೂಗಿದರು.

ನಮ್ಮವರು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳ ನಡುವೆ ದುಡಿಯುವವರು. ಬೆಳಿಗ್ಗೆ ಕಂಪನಿ ಬಸ್ಸು ಬರುವ ಮುಂಚೆ ಬಾಲ್ಕನಿಯಲ್ಲಿ ಕೂತು ಪೇಪರು ಓದುತ್ತಾರೆ. ನಾನು ಪೂಜೆ ಮುಗಿಸಿ ಗಂಟೆ ಬಾರಿಸಿದರೆ ಪೇಪರು ಮಡಚಿ, ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಬರುತ್ತಿದ್ದರು. ಆರತಿ ತಗೊಂಡು, ದೇವರ ಗೂಡನ್ನೊಮ್ಮೆ ನೋಡಿ, "ಇವತ್ತ ಹೂವು ಚಂದ ಕಾಣಾಕತ್ತೈತಿ" ಅನ್ನುತ್ತಿದ್ದರು. ಹೂವು ಯಾವುದೇ ಇರಲಿ, ಮಾತು ಅದೇ. ಹೊಗಳಿಕೆ ಹೂವಿಗಲ್ಲ, ಏರಿಸಿದವಳಿಗೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಮೇಲೆ ಬಸ್ಸು, ಕಾರ್ಖಾನೆ, ಸಂಜೆಗೆ ದಣಿವು, ಟಿವಿ. ಇಡೀ ದಿನದಲ್ಲಿ ನಾವಿಬ್ಬರೂ ಒಂದೇ ಕಡೆ ಮುಖ ಮಾಡಿ ಜೊತೆಗೆ ನಿಲ್ಲುತ್ತಿದ್ದ ಎರಡು ನಿಮಿಷ ಅದೊಂದೇ. ಆ ಎರಡು ನಿಮಿಷದ ಮೇಲೆಯೇ ನಾನು ಇಪ್ಪತ್ತೈದು ವರ್ಷ ಈ ಪರವೂರಿನಲ್ಲಿ ಸುಖವಾಗಿದ್ದೆ ಎಂದರೆ ನೀವು ನಗಬಾರದು.

ಒಂದು ದಿನ ಗಂಟೆ ಬಾರಿಸಿದೆ, ಅವರು ಬರಲಿಲ್ಲ. ಪೇಪರಿನಲ್ಲಿ ಮುಳುಗಿರಬೇಕು ಅಂದುಕೊಂಡೆ. ಮರುದಿನ ಸ್ವಲ್ಪ ಹೆಚ್ಚು ಹೊತ್ತು ಬಾರಿಸಿದೆ. ಅವರು ಆರಾಮವಾಗಿ ಹಾಳೆ ಮಗುಚಿದರು. ನಾಲ್ಕು ದಿನ, ಎಂಟು ದಿನ, ಹೀಗೆಯೇ ನಡೆಯಿತು. ಕೊನೆಗೆ ಆರತಿ ನಾನೊಬ್ಬಳೇ ತೆಗೆದುಕೊಳ್ಳುವುದು ರೂಢಿಯಾಯಿತು.

ಒಂದು ಮಾತು ಕೇಳಬಾರದಿತ್ತೇ ಎಂದು ನೀವು ಅನ್ನುತ್ತೀರಿ. ಕೇಳಲಿಲ್ಲ. ಅವ್ವನ ಕಾಯ್ದೆ ಒಂದು ಕಡೆ, ನನ್ನ ಬಿಂಕ ಇನ್ನೊಂದು ಕಡೆ. ಗಂಟೆಗೆ ಬಾರದವರನ್ನು ನಾನು ಬಾಯಿಬಿಟ್ಟು ಕರೆಯಬೇಕೇ? ದೇವರು ಬೇಡವಾದನೋ, ನಾನೇ ಬೇಡವಾದೆನೋ ಎಂದು ಲೆಕ್ಕಹಾಕಿಕೊಂಡು ಒಳಗೊಳಗೇ ಕುದಿದೆ. ಸಿಟ್ಟನ್ನೆಲ್ಲ ಸಾರಿನ ಮೇಲೆ ತೀರಿಸಿಕೊಂಡೆ, ಬೇಕೆಂದೇ ಉಪ್ಪು ಕಡಿಮೆ ಹಾಕಿದೆ. ಮಾರಾಯರು ಅದನ್ನೂ ತುಟಿ ಪಿಟಕ್ಕೆನ್ನದೆ ಉಂಡರು. ಆಗಂತೂ ನನಗೆ ಮತ್ತಷ್ಟು ಉರಿಯಿತು. ನಾನು ಮಾತಾಡಿಸಿದರೆ ಮಾತಾಡುತ್ತಿದ್ದರು, ಫೋನು ಬಂದರೆ ಎತ್ತುತ್ತಿದ್ದರು. ಒಮ್ಮೊಮ್ಮೆ "ಆಂ?" ಎಂದು ಎರಡನೇ ಸಲ ಕೇಳುವುದು ಮಾತ್ರ ಹೆಚ್ಚಾಗಿತ್ತು. ಅದನ್ನೂ ನಾನು ದಿಮಾಕು ಎಂದೇ ಬರೆದುಕೊಂಡೆ. ಹೀಗೆ ಎರಡು ವರ್ಷ ಕಳೆಯಿತು.

ಅವರ ಕಾರ್ಖಾನೆಗೆ ಬೇಕಾದ ಯಾವುದೋ ಪುಡಿ ಚೀನಾದಿಂದ ಬರುತ್ತದೆ. ಅದನ್ನು ತಯಾರು ಮಾಡುವ ಜಾಗವನ್ನು ಕಣ್ಣಾರೆ ನೋಡಿ ಬರಲು ಇವರಿಗೆ ಹೇಳಿದರು. ಒಂದು ಸಂಜೆ ಚಹಾ ಕುಡಿಯುತ್ತ, "ನೀನೂ ಬಾ" ಅಂದರು.

"ನಾ ಯಾಕ್ರಿ?"

"ಸುಮ್ಮ ಬಾ. ಇಬ್ಬರೂ ಕೂಡಿ ಎಲ್ಲೂ ಹೋಗೇ ಇಲ್ಲ."

ಸಿಟ್ಟಿನಲ್ಲಿದ್ದರೂ ಚೀನಾ ಚೀನಾವೇ. ಖಡಕ್ ರೊಟ್ಟಿ ಕಟ್ಟಿದೆ, ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಕುಟ್ಟಿದೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಹಿಂಡಿಯ ಡಬ್ಬಿ ತೆರೆದು ಮೂಸಿ, ಮೂರು ಸಲ ಸೀನಿ, ಕೈಮುಗಿಯುವುದೊಂದನ್ನು ಬಿಟ್ಟು ಎಲ್ಲ ಮರ್ಯಾದೆಯಿಂದ ಡಬ್ಬಿಯನ್ನು ತಾನೇ ಇಟ್ಟುಕೊಂಡ. ರೊಟ್ಟಿಗಳನ್ನು ಮಾತ್ರ ತಟ್ಟಿ ನೋಡಿ ಬಿಟ್ಟುಕೊಟ್ಟ. ಮೂರು ದಿನ ಇವರು ಕಾರ್ಖಾನೆಗೆ ಹೋದರು, ನಾನು ಹೋಟೆಲಿನಲ್ಲಿ ಹಿಂಡಿಯಿಲ್ಲದೆ ಬರೀ ರೊಟ್ಟಿ ಕಡಿದೆ. ನಾಲ್ಕನೆಯ ದಿನ ಬಿಡುವು. ಕಾರ್ಖಾನೆಯವರು ಊರು ತೋರಿಸಲು ಲಿನ್ ಎಂಬ ಹುಡುಗಿಯನ್ನು ಕಳಿಸಿದ್ದರು. ಇಂಗ್ಲಿಷು ಬಲ್ಲವಳು, ನಗುಮುಖದವಳು. ಅಂಗಡಿಗಳ ಬೀದಿ ನೋಡುತ್ತೀರೋ, ತೋಟ ನೋಡುತ್ತೀರೋ, ಇಲ್ಲ ಗಂಟೆಗೆ ಹೆಸರಾದ ಒಂದು ಹಳೆಯ ಗುಡಿಯಿದೆ, ಅದನ್ನು ನೋಡುತ್ತೀರೋ ಎಂದು ಕೇಳಿದಳು. ಗಂಟೆ ಎಂಬ ಮಾತು ಬಿದ್ದ ಮೇಲೆ ನನಗೆ ಉಳಿದದ್ದು ಯಾವುದೂ ಕೇಳಿಸಲಿಲ್ಲ.

ಊರಿನ ಹೆಸರು ಸುಜೌ. ಊರ ತುಂಬ ಕಾಲುವೆಗಳು. ಕಮಾನಿನ ಕಲ್ಲುಸೇತುವೆ ದಾಟಿದರೆ ಅರಿಸಿನ ಬಳಿದಂಥ ಹಳದಿ ಗೋಡೆ, ಅದರಾಚೆ ಗುಡಿ. ಶತಮಾನಗಳಿಂದ ಅಲ್ಲೇ ನಿಂತಿದೆಯಂತೆ. ಸುಟ್ಟರೂ ಬಿದ್ದರೂ ಮತ್ತೆ ಮತ್ತೆ ಕಟ್ಟಿದ್ದಾರಂತೆ. ಅಂಗಳವನ್ನು ನೋಡಿದ ಕೂಡಲೇ ನನಗೆ ಗೌರವ ಹುಟ್ಟಿತು. ಅಷ್ಟು ಜನರಿದ್ದರೂ ಒಂದು ಕಾಗದದ ಚೂರಿಲ್ಲ. ನಡುವೆ ದೊಡ್ಡ ಕಂಚಿನ ಪಾತ್ರೆಯಲ್ಲಿ ಊದುಬತ್ತಿಗಳು ಹೊಗೆಯಾಡುತ್ತಿದ್ದವು. ಮುದುಕರು, ಹರೆಯದವರು ಊದುಬತ್ತಿಯ ಕಟ್ಟನ್ನು ಹಣೆಗೆ ಎತ್ತಿ ಹಿಡಿದು ಒಂದೊಂದು ದಿಕ್ಕಿಗೂ ತಿರುಗಿ ತಿರುಗಿ ಬಾಗುತ್ತಿದ್ದರು. ಗದ್ದಲವಿಲ್ಲ, ನೂಕಾಟವಿಲ್ಲ. ದೇವರ ಮುಂದೆ ಇಷ್ಟು ಮೆಲ್ಲಗೆಯೂ ಇರಬಹುದಲ್ಲ ಎಂದು ಬೆರಗಾಯಿತು.

ನಾನು ಬಾಗಿಲಲ್ಲೇ ಚಪ್ಪಲಿ ಕಳಚಿ ಕೈಚೀಲಕ್ಕೆ ಹಾಕಿಕೊಂಡಿದ್ದೆ. ಇಲ್ಲಿ ಬೇಡ ಆಂಟಿ, ಯಾರೂ ಬಿಡುವುದಿಲ್ಲ ಎಂದು ಲಿನ್ ಹೇಳಿದಳು. ಗುಡಿಯೊಳಗೆ ಚಪ್ಪಲಿ ಮೆಟ್ಟುವುದಕ್ಕೆ ನನ್ನ ಕಾಲು ಒಪ್ಪಬೇಕಲ್ಲ. ಕಲ್ಲು ಐಸಿನಂತೆ ಕೊರೆಯುತ್ತಿತ್ತು, ನಾನು ಬೆರಳು ಮುದುರಿಕೊಂಡು ಕುಪ್ಪಳಿಸುತ್ತ ನಡೆದೆ. ಒಬ್ಬ ಮುದುಕಿ ನನ್ನ ಪಾದಗಳನ್ನು ನೋಡಿ ಲೊಚಗುಟ್ಟಿ, ತನ್ನ ದಪ್ಪ ಕಾಲುಚೀಲ ತೋರಿಸಿ ಏನೋ ಬುದ್ಧಿವಾದ ಹೇಳಿದಳು. ಭಾಷೆ ಗೊತ್ತಿಲ್ಲದಿದ್ದರೂ ಅದು ಥೇಟು ನಮ್ಮವ್ವನ ಬೈಗುಳವೇ.

ಗಂಟೆ ಇರುವುದು ಒಂದು ಪುಟ್ಟ ಗೋಪುರದ ಮಾಳಿಗೆಯ ಮೇಲೆ. ಕಿರಿದಾದ ಮೆಟ್ಟಿಲು ಹತ್ತಿ ಹೋದೆ. ನೋಡಿದೆ ನೋಡಿ, ಕಣ್ಣು ಹಾಗೆಯೇ ನಿಂತುಬಿಟ್ಟವು. ಆಳೆತ್ತರದ ಗಂಟೆ, ಕಪ್ಪು ಹಸಿರು ಬಣ್ಣ, ಮೈಮೇಲೆಲ್ಲ ಕೆತ್ತನೆ. ಹೊಸ ವರ್ಷಕ್ಕೆ ಇದನ್ನು ನೂರಾ ಎಂಟು ಸಲ ಬಾರಿಸುತ್ತಾರೆ ಎಂದು ಲಿನ್ ಅಂದಾಗ ನಾನು ಅವಳ ಕೈ ಹಿಡಿದುಕೊಂಡುಬಿಟ್ಟೆ. ನೂರಾ ಎಂಟು! ನಮ್ಮವ್ವನ ಜಪಮಣಿಯ ಲೆಕ್ಕ ಇಷ್ಟು ದೂರ ಯಾವಾಗ ಬಂದು ಕೂತಿತ್ತೋ!

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಲು ನಾಚಿಕೆ. ಗಂಟೆ ಕಂಡರೆ ನಮ್ಮ ಕೈ ತಾನಾಗಿಯೇ ಮೇಲೇಳುತ್ತದೆ, ಅಲ್ಲವೇ? ಬಾಗಿ ಗಂಟೆಯ ಅಡಿಗೆ ನುಗ್ಗಿದೆ, ಒಳಗೆ ನೆಟ್ಟಗೆ ನಿಂತು, ಎರಡೂ ಕೈ ಮೇಲೆತ್ತಿ ನಾಲಿಗೆಗಾಗಿ ತಡಕಾಡತೊಡಗಿದೆ. ಒಳಗೆ ಕತ್ತಲೆ, ತಣ್ಣಗಿತ್ತು. ನಾಲಿಗೆಯೂ ಇಲ್ಲ, ಹಗ್ಗವೂ ಇಲ್ಲ. ಹೊರಗೆ ಯಾರೋ ಕೂಗಿದರು. ಲಿನ್ ನನ್ನ ಸೆರಗು ಹಿಡಿದು ಜಗ್ಗಿದಳು. ಹೊರಬಂದು ನೋಡುತ್ತೇನೆ, ಗುಡಿಯ ಸನ್ಯಾಸಿ, ಬೂದು ಬಣ್ಣದ ನಿಲುವಂಗಿಯ ಒಬ್ಬ ಮುದುಕಪ್ಪ ಎದೆ ಹಿಡಿದುಕೊಂಡು ನಿಂತಿದ್ದಾರೆ. ಗಂಟೆಯ ಮಗ್ಗುಲಿಗೆ ಹಗ್ಗದಲ್ಲಿ ಅಡ್ಡಡ್ಡಲಾಗಿ ತೂಗುಬಿಟ್ಟ ಒಂದು ಮರದ ದಿಮ್ಮಿ. ಅದನ್ನು ಹಿಂದಕ್ಕೆಳೆದು ಗಂಟೆಯ ಹೊರಮೈಗೆ ಬಿಡಬೇಕು. ಬಾರಿಸಲು ನಿಂತವರ ಸಾಲಿನಲ್ಲಿ ಮುಂದಿದ್ದವನು ಆಗಲೇ ದಿಮ್ಮಿಗೆ ಕೈ ಹಚ್ಚಿದ್ದ. ಇನ್ನೊಂದು ಚಣ ತಡವಾಗಿದ್ದರೆ ನಾನೇ ಆ ಗಂಟೆಯ ನಾಲಿಗೆಯಾಗುತ್ತಿದ್ದೆ.

ನಮ್ಮ ಸರದಿ ಬಂತು, ಒಂದು ಸರದಿಗೆ ಮೂರು ಪೆಟ್ಟು. ಮೊದಲನೆಯದು ನನ್ನದು. ದಿಮ್ಮಿ ಎಳೆದು ಬಿಟ್ಟೆ. ಅಬ್ಬಾ! ಅದು ಢಣ್ ಅನ್ನಲಿಲ್ಲ, ಧುಂ ಎಂದಿತು. ಆ ದನಿ ಕಿವಿಗಿಂತ ಮೊದಲು ಎದೆಗೂಡಿಗೆ ಬಂತು, ಆಮೇಲೆ ಬರಿಗಾಲಿನ ಅಡಿಯ ಹಲಗೆಗೆ ಇಳಿಯಿತು. ಕುಪ್ಪಳಿಸುತ್ತ ಬಂದದ್ದು ಸಾರ್ಥಕವಾಯಿತು. ನಾನು ಆಸೆಗೆ ಬಿದ್ದು ತಕ್ಷಣ ಎರಡನೆಯದಕ್ಕೆ ದಿಮ್ಮಿ ಎಳೆದೆ. ಮುದುಕಪ್ಪ ಅಂಗೈ ಅಡ್ಡ ಹಿಡಿದು ನಿಲ್ಲಿಸಿದರು. ಕಣ್ಣು ಮುಚ್ಚಿ ಕಾಯತೊಡಗಿದರು. ದನಿ ತೆಳ್ಳಗಾಗುತ್ತ, ಅಲೆಅಲೆಯಾಗಿ ಸುತ್ತುತ್ತ, ಇನ್ನಿಲ್ಲ ಅಂದುಕೊಂಡಾಗ ಇನ್ನೂ ಇತ್ತು. ಅದು ಪೂರ್ತಿ ಮುಗಿದ ಮೇಲೆಯೇ ಅವರ ಅಂಗೈ ಕೆಳಗಿಳಿದದ್ದು. ಸಾಲಿನಲ್ಲಿದ್ದವರು ಯಾರೂ ಅವಸರ ಮಾಡಲಿಲ್ಲ. ಎಲ್ಲರೂ ಆ ದನಿ ಮುಗಿಯುವುದನ್ನೇ ಕೇಳುತ್ತ ನಿಂತಿದ್ದರು. ನಮ್ಮ ಗುಡಿಗಳಲ್ಲಿ ಒಬ್ಬರ ಗಂಟೆಯ ಮೇಲೆ ಇನ್ನೊಬ್ಬರದು ಬೀಳುತ್ತದೆ, ಅದರ ಚಂದವೇ ಬೇರೆ. ಆದರೆ ನಿಜ ಹೇಳುತ್ತೇನೆ, ಹುಟ್ಟಿದಾಗಿನಿಂದ ಗಂಟೆ ಬಾರಿಸಿದ್ದೇನೆ, ಪೂರ್ತಿ ಕೇಳಿದ್ದು ಅವತ್ತೇ ಮೊದಲು. ಆ ಮುದುಕಪ್ಪನ ಕಾಲು ಮುಟ್ಟಬೇಕು ಅನ್ನಿಸಿತು.

ಎರಡನೆಯ ಪೆಟ್ಟನ್ನು ಲಿನ್ ಹೊಡೆದಳು. ಮೂರನೆಯದು ನಮ್ಮವರದು. ಹೊಡೆದವರೇ ಪಕ್ಕದ ಕಂಬದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ನನ್ನ ಕಿವಿಗೆ ದನಿ ಮುಗಿದ ಮೇಲೂ ಅವರು ಕೈ ತೆಗೆಯಲಿಲ್ಲ. ಮುದುಕಪ್ಪ ಇವರ ಮುಖ ನೋಡಿ, ಮುಂದಿನವರನ್ನು ಇನ್ನಷ್ಟು ಹೊತ್ತು ತಡೆದು ನಿಲ್ಲಿಸಿದರು.

ಕೆಳಗಿಳಿದು ಅಂಗಳದ ಕಲ್ಲಿನ ಮೇಲೆ ಕೂತೆವು. ನಮ್ಮವರು ಮೆಲ್ಲಗೆ, "ಭಾಳ ದಿನಾ ಆಗಿತ್ತು ನೋಡು, ಗಂಟಿ ಕೇಳಿ" ಅಂದರು.

ಎರಡು ವರ್ಷದ ಸಿಟ್ಟು ನೆತ್ತಿಗೇರಿತು. "ಹೌದ್ರಿ. ಗಂಟಿ ಕೇಳಾಕ ನಿಮಗ ಚೀನಾನ ಬೇಕಾತು."

"ಮತ್ತೇನ ಮಾಡ್ಲಿ? ಮನ್ಯಾಗ ನೀ ಬಾರಸೋದು ಬಿಟ್ಟಿ."

"ನಾ ಬಿಟ್ಟೆ?"

"ಎರಡು ವರ್ಷ ಆತಲ್ಲ. ದಿನಾ ಪೇಪರು ಹಿಡಕೊಂಡು ಕಾಯ್ಕೋತ ಕುಂದರ್ತಿದ್ದೆ, ಇವತ್ತ ಬಾರಸ್ತಾಳ, ನಾಳಿ ಬಾರಸ್ತಾಳ ಅಂತ. ನನ್ನ ಮ್ಯಾಲ ಏನೋ ಸಿಟ್ಟು ಅನ್ಕೊಂಡೆ. ಸಾರಿಗೆ ಉಪ್ಪೂ ಸರೀಗೆ ಹಾಕತಿರಲಿಲ್ಲ."

"ಒಂದ ಮಾತು ಕೇಳಬಾರದೇನ್ರಿ?"

"ಗಂಟಿ ಬಾರಸದ ದೇವರ ಮುಂದ ಹೆಂಗ ಬರ್ಲಿ? ನಿಮ್ಮವ್ವನ ಕಾಯ್ದೆ ಅಲ್ಲೇನದು? ಅದಕ್ಕ ನಿನ್ನ ಇಲ್ಲಿಗೆ ಕರಕೊಂಡು ಬಂದೆ. ಹೊಸಾ ಊರು ನೋಡಿದ್ರ ನಿನ್ನ ಸಿಟ್ಟು ಇಳೀತೈತೇನೋ ಅಂತ."

ಇವರು ಸುಳ್ಳು ಹೇಳುವವರಲ್ಲ. ನಾನು ಒಂದು ದಿನವೂ ಗಂಟೆ ತಪ್ಪಿಸಿದವಳಲ್ಲ. ಎದ್ದು ಬಾಗಿಲ ಹತ್ತಿರದ ನೆನಪಿನ ಸಾಮಾನಿನ ಅಂಗಡಿಗೆ ಹೋದೆ, ಇವರೂ ಬಂದು ಬೀಸಣಿಗೆ ನೋಡುತ್ತ ನಿಂತರು. ಅಲ್ಲಿ ಸಣ್ಣ ಸಣ್ಣ ಕೈಗಂಟೆಗಳಿದ್ದವು. ಒಂದನ್ನು ತೆಗೆದುಕೊಂಡು ಇವರ ಬೆನ್ನ ಹಿಂದೆ ನಿಂತೆ. ಕಿಣಿಕಿಣಿ ಬಾರಿಸಿದೆ. ಅಂಗಡಿಯಾಕೆ ತಿರುಗಿ ನೋಡಿದಳು, ಲಿನ್ ತಿರುಗಿ ನೋಡಿದಳು. ಇವರು ಬೀಸಣಿಗೆಯ ಮೇಲಿನ ಕೊಕ್ಕರೆಯ ಚಿತ್ರ ನೋಡುತ್ತಲೇ ಇದ್ದರು. ಕಿವಿಯ ಹತ್ತಿರಕ್ಕೆ ಹಿಡಿದು ಬಾರಿಸಿದೆ. ಇಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ನಾನು ಬಾರಿಸಿದ ಒಂದೊಂದು ಬೆಳಗೂ ಕಣ್ಣ ಮುಂದೆ ಬಂತು. ಒಳಗೆ ನಾನು ಬಾರಿಸಿ ಬಾರಿಸಿ ಸಿಟ್ಟಾದದ್ದು, ಹೊರಗೆ ಇವರು ಪೇಪರು ಹಿಡಿದು ಕಾದು ಕೂತದ್ದು. ಬೆಲೆ ಹೆಚ್ಚಾಯಿತೆಂದು ಅಳುತ್ತಿದ್ದಾಳೆ ಎಂದು ಅಂಗಡಿಯಾಕೆ ಗಾಬರಿಯಾಗಿ ಇನ್ನೊಂದು ಗಂಟೆಯನ್ನು ಪುಕ್ಕಟೆ ಕೊಡಲು ಬಂದಳು. ಆಗ ಇವರು ತಿರುಗಿದರು. ನನ್ನ ಕೈಯಲ್ಲಿ ಗಂಟೆ ಆಡುತ್ತಿರುವುದನ್ನು, ಅದರ ನಾಲಿಗೆ ಅತ್ತಿತ್ತ ಬಡಿಯುತ್ತಿರುವುದನ್ನು ನೋಡಿದರು.

"ಬಾರಸಾಕತ್ತಿ?"

"ಹೂಂ."

ಗಂಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕಿವಿಯ ಹತ್ತಿರ ಆಡಿಸಿ ನೋಡಿದರು. "ಮನ್ಯಾಗೂ ದಿನಾ ಹಿಂಗ ಬಾರಸ್ತಿದ್ದಿ?"

"ದಿನಾ."

"ಹಂಗಾರ ಆ ಉಪ್ಪು?"

"ಅದು ಮಾತ್ರ ಬೇಕಂತನ ಕಡಿಮಿ ಹಾಕತಿದ್ದೆರಿ."

ಅವರು ನಕ್ಕರು. ಕಣ್ಣೊರೆಸಿಕೊಂಡು ನಾನೂ ನಕ್ಕೆ. ಲಿನ್‌ಗೆ ಏನೂ ತಿಳಿಯದೆ ಅವಳೂ ನಕ್ಕಳು.

ಹೈದರಾಬಾದಿಗೆ ಬಂದ ಮೇಲೆ ಕಿವಿಯ ಡಾಕ್ಟರು ಪರೀಕ್ಷೆ ಮಾಡಿದರು. ವರ್ಷಗಟ್ಟಲೆ ಯಂತ್ರದ ಗದ್ದಲದಲ್ಲಿ ಇದ್ದವರಿಗೆ ಮೊದಲು ಕಿಣಿಕಿಣಿಯಂಥ ಸಣ್ಣ ದನಿಗಳು ಹೋಗುತ್ತವೆ, ದಪ್ಪ ದನಿಗಳು ಉಳಿಯುತ್ತವೆ, ಹಾಗಾಗಿ ಮನೆಯವರಿಗೂ ತಿಳಿಯುವುದಿಲ್ಲ ಎಂದರು. ನನ್ನ ಮಾತು ಇವರಿಗೆ ಸರಿಯಾಗಿಯೇ ಕೇಳಿಸುತ್ತಿದ್ದುದರ ಅರ್ಥ ಆಗ ತಿಳಿಯಿತು, ಆ ವಿಷಯ ಬೇಡ ಬಿಡಿ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರೆ ಇವರು ಸುತರಾಂ ಒಪ್ಪಲಿಲ್ಲ. "ಬಸ್ಸಿನ್ಯಾಗ ಎಲ್ಲಾರೂ ನೋಡ್ತಾರ" ಎಂದು ಹಟ ಹಿಡಿದರು. ಸರಿ, ಕಿವಿಯನ್ನು ಬದಲಿಸಲಾಗದಿದ್ದರೆ ಗಂಟೆಯನ್ನು ಬದಲಿಸೋಣ ಎಂದುಕೊಂಡೆ. ಹೊರಗಿನಿಂದ ಬಡಿಯುವ, ದಪ್ಪ ದನಿಯ ವಸ್ತು ನಮ್ಮಲ್ಲೂ ಇದೆಯಲ್ಲ!

ಕೋಠಿಯಲ್ಲಿ ಬಸ್ಸಿಳಿದು ಹಿತ್ತಾಳೆ ಸಾಮಾನಿನ ಅಂಗಡಿ ಹುಡುಕಿದೆವು. ಇವರನ್ನು ರಸ್ತೆಯ ಆಚೆ ಬೆನ್ನು ಮಾಡಿ ನಿಲ್ಲಿಸಿದೆ. ಕೇಳಿದರೆ ಕೈ ಎತ್ತಬೇಕು. ನಾನು ಒಂದೊಂದೇ ಜಾಗಟೆ ಬಡಿಯುತ್ತ ಹೋದೆ. ಬಸ್ಸು, ಆಟೋಗಳ ಹಾರ್ನಿನ ನಡುವೆ ಮೂರು ಜಾಗಟೆಗಳಿಗೆ ಕೈ ಏಳಲಿಲ್ಲ. ಅಂಗಡಿಯ ಚಾಚಾ, "ಅಮ್ಮಾ, ಮಂದಿರ್ ಕೇ ವಾಸ್ತೆ ಹೋನಾ ಕ್ಯಾ?" ಎಂದು ಕೇಳಿದರು. ಗುಡಿಗಲ್ಲ, "ಸಾಬ್ ಕೇ ವಾಸ್ತೆ" ಎಂದು ಆಚೆ ನಿಂತ ಸಾಹೇಬರನ್ನು ತೋರಿಸಿದೆ. ಚಾಚಾ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಒಳಗೆ ಹೋಗಿ ತಾವೇ ಒಂದನ್ನು ಹೊತ್ತು ತಂದರು. ಬಡಿದೆ. ರಸ್ತೆಯಾಚೆ ಕೈ ಮೇಲೆದ್ದಿತು. ನಮಗಿಂತ ಮೊದಲು ಚಾಚಾ "ವಾಹ್!" ಎಂದರು.

ಮರುದಿನ ಬೆಳಿಗ್ಗೆ ಆರತಿ ಹಚ್ಚಿ ಜಾಗಟೆಗೆ ಒಂದೇ ಪೆಟ್ಟು ಹೊಡೆದೆ. ಇನ್ನೊಂದು ಹೊಡೆಯಲು ಎತ್ತಿದ ಕೈಯನ್ನು ತಡೆದುಕೊಂಡೆ. ಚೀನಾದ ಮುದುಕಪ್ಪನ ಹಾಗೆ ದನಿ ಮುಗಿಯಲೆಂದು ಕಾದೆ. ಬಾಲ್ಕನಿಯಲ್ಲಿ ಪೇಪರು ಮಡಚಿದ ಸದ್ದಾಯಿತು. ನಮ್ಮವರು ಬಂದರು, ಕನ್ನಡಕ ಹಣೆಯ ಮೇಲಿತ್ತು. ಎದುರು ಮನೆಯಾಕೆ ಬಾಗಿಲು ತೆರೆದದ್ದೂ ಆಗಲೇ.

ಅದಾಗಿ ಒಂದು ವರ್ಷಕ್ಕೆ, ಬೇರೆ ಊರಲ್ಲಿರುವ ಮಗಳಿಗೆ ಹುಟ್ಟಿದ ಮೊಮ್ಮಗಳ ತೊದಲು ಮಾತು ಕೇಳುವ ಆಸೆಗೆ, ಇವರು ಕಿವಿಯ ಯಂತ್ರ ಹಾಕಿಸಿಕೊಂಡರು. ಮೊನ್ನೆ ಬೆಳಿಗ್ಗೆ ಇವರಿಗೆ ಹೇಳದೆ ಅವ್ವನ ಕೈಗಂಟೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದೆ, ಆರತಿಯ ಹೊತ್ತಿಗೆ ಮೆಲ್ಲಗೆ ಬಾರಿಸಿದೆ. ಪೇಪರು ಮಡಚಲೂ ಇಲ್ಲ, ಕೈಯಲ್ಲಿ ಹಿಡಿದುಕೊಂಡೇ ಧಾವಿಸಿ ಬಂದರು. ಆರತಿಯ ಮುಂದೆ ನಿಂತರು, ಕಣ್ಣು ತುಂಬಿದ್ದವು.

"ಇವತ್ತ ಹೂವು ಚಂದ ಕಾಣಾಕತ್ತೈತಿ" ಅಂದರು.

ಅವತ್ತು ಹೂವೇ ಸಿಕ್ಕಿರಲಿಲ್ಲ, ಬರೀ ಬಿಲ್ವಪತ್ರಿ ಏರಿಸಿದ್ದೆ. ಆರತಿಯಾದ ಮೇಲೆ ಸ್ಟೂಲು ಹತ್ತಿ, ಜಾಗಟೆಯನ್ನು ಮೊಳೆಯಿಂದ ಇಳಿಸಲು ಕೈ ಹಾಕಿದೆ.

"ಅದನ್ಯಾಕ ತಗೀತಿ?"

"ಇನ್ನ ಯಾಕ್ರಿ ಬೇಕು? ಗಂಟಿ ಕೇಳಸ್ತಲ್ಲ ನಿಮಗ."

"ಗಂಟಿ ನಿಮ್ಮವ್ವ ದೇವರಿಗಂತ ಕೊಟ್ಟದ್ದು" ಅಂದರು. "ಜಾಗಟಿ ನೀ ನನಗಂತ ತಂದದ್ದು. ಅದು ಅಲ್ಲೇ ಇರ್ಲಿ."